ತಂಗಿಯ ತರಬೇತಿ, ಬಾಡಿಗೆಯ ಡಾಕ್ಟರ್

ದ್ರಾಕ್ಷಿ ಬೆಳೆಯುವವರ ಈ ತರಬೇತಿ ಕಟ್ಟಿದವಳು ನನ್ನ ತಂಗಿ, ಕಲಿಸುವವಳೂ ಅವಳೇ ಎಂಬ ಒಂದು ಮಾತನ್ನು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಮೊದಲ ದಿನ ಹೇಳಲಿಲ್ಲ. ಮಳೆ ಬಿದ್ದ ದಿನ ಹೇಳಲಿಲ್ಲ. ಕಣ್ಣಾರೆ ಕಂಡ ಮೇಲೂ ಹೇಳಲಿಲ್ಲ. ಕೇಳುವ ಮಂದಿ ಎದುರಿಗೇ ಇದ್ದರು, ಯಾರ ಹೆಸರು ಹೇಳಬೇಕಿತ್ತೋ ಅವಳು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.

ಇದನ್ನೆಲ್ಲ ಬರೆಯುತ್ತೇನೆ ಎಂದಾಗ ಮನೆಯಲ್ಲಿ ಯಾರಿಗೂ ಸರಿ ಬರಲಿಲ್ಲ. ಅಂಗಡಿಯ ಹೆಸರು ಕೆಡುತ್ತದೆ ಎಂದರು. ಕೆಡಲಿ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ಬರೆಯುವುದೇನು ಎಂದು ನಮ್ಮ ಬೀಗರೊಬ್ಬರು ನಕ್ಕರು. ನಗಲಿ. ಬರೆಯಲು ಬಾರದವನು ಸುಮ್ಮನಿರಬೇಕು ಎಂದು ಯಾರೂ ನನಗೆ ಅಪ್ಪಣೆ ಕೊಟ್ಟಿಲ್ಲ, ಸುಮ್ಮನಿದ್ದು ನಾನು ಮಾಡಿದ ಹಾಳು ಸಾಕಷ್ಟಿದೆ.

ಕಾಗವಾಡದಿಂದ ಮೀರಜ ಕಡೆ ಹೋಗುವ ರಸ್ತೆಯ ಮೇಲೆ ನಮ್ಮದು ಗೊಬ್ಬರ ಮತ್ತು ಎಣ್ಣೆಯ ಅಂಗಡಿ. ಎಣ್ಣೆ ಎಂದರೆ ಅಡುಗೆಯದಲ್ಲ. ಬೆಳೆಗೆ ಹೊಡೆಯುವ ಔಷಧಕ್ಕೆ ನಮ್ಮ ಕಡೆ ಹಾಗೆಯೇ ಅನ್ನುವುದು. ಅಪ್ಪ ತೀರಿಕೊಂಡಾಗ ಶಾಲೆ ಬಿಟ್ಟು ಗಲ್ಲಾದ ಮೇಲೆ ಕುಳಿತೆ. ತಂಗಿ ಆಗ ಇನ್ನೂ ಅವ್ವನ ಸೆರಗು ಹಿಡಿದು ತಿರುಗುತ್ತಿದ್ದಳು. ಮುಂದೆ ಅವಳು ಧಾರವಾಡಕ್ಕೆ ಹೋಗಿ ಕೃಷಿ ಓದಿದಳು, ನಾಸಿಕದ ಕಡೆ ದ್ರಾಕ್ಷಿ ತೋಟಗಳಲ್ಲಿ ಕೆಲವು ವರ್ಷ ನೌಕರಿ ಮಾಡಿದಳು. ತಂಗಿಯನ್ನು ನಾನು ಓದಿಸಿದೆ ಎಂದು ಅಥಣಿಯಿಂದ ನಿಪ್ಪಾಣಿಯವರೆಗೆ ಯಾವ ಮದುವೆಗೆ ಹೋದರೂ ಹೇಳಿಕೊಂಡು ಬಂದಿದ್ದೇನೆ. ಆ ಮಾತು ನನ್ನ ಬಾಯಲ್ಲಿ ಎಷ್ಟು ಸುಲಭವಾಗಿ ಬರುತ್ತಿತ್ತು ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಅವ್ವನ ಮೊಣಕಾಲು ಹಿಡಿದ ವರ್ಷ ಅವಳು ನೌಕರಿ ಬಿಟ್ಟು ಮನೆಗೆ ಬಂದಳು. ಹಗಲೆಲ್ಲ ಅಂಗಡಿಯಲ್ಲಿ ಕೂರತೊಡಗಿದಳು. ನಮ್ಮ ಗಿರಾಕಿಗಳು ಬಹುತೇಕ ದ್ರಾಕ್ಷಿ ಬೆಳೆಯುವವರು. ಒಂದು ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ, ರೋಗದ ಹೆಸರನ್ನು ತಾವೇ ಹೇಳುತ್ತಾರೆ, ನಾನು ಬಾಟಲಿ ತೆಗೆದು ಕೊಡುತ್ತೇನೆ. ಅಪ್ಪನ ಕಾಲದಿಂದಲೂ ನಡೆದು ಬಂದ ಪದ್ಧತಿ.

ಒಂದು ಮಧ್ಯಾಹ್ನ ಒಬ್ಬರು ಹಾಗೆ ಬಂದು ಹೋದ ಮೇಲೆ ತಂಗಿ ಕೇಳಿದಳು:

"ಅಣ್ಣಾ, ಆ ಎಲಿ ಹೊಳ್ಳಿಸಿ ನೋಡಿದೇನು?"

"ಅಂವಾ ದಾವಣ್ಯಾ ರೋಗ ಬಂದೈತಿ ಅಂದ. ನಾ ದಾವಣ್ಯಾದ ಎಣ್ಣಿ ಕೊಟ್ಟೆ."

"ದಾವಣ್ಯಾ ಆದ್ರ ಎಲಿ ಬೆನ್ನಿಗೆ ಬಿಳಿ ಬೂಷ್ಟ ಇರತೈತಿ. ಅದಕ್ಕೇನೂ ಇರಲಿಲ್ಲ. ಗೊಬ್ಬರ ಹೆಚ್ಚಾಗಿ ಸುಟ್ಟ ಎಲಿ ಅದು."

"ಹಂಗಾರ ಅವಗ ಯಾಕ ಹೇಳಲಿಲ್ಲ ಬೇ?"

"ಇವತ್ತ ನಾ ಹೇಳ್ತೀನಿ. ನಾಳಿ ಯಾರ ಹೇಳ್ತಾರು? ಅವರಿಗೇ ನೋಡಾಕ ಬರಬೇಕು."

ಅಲ್ಲಿಂದ ಶುರುವಾಯಿತು. ಆ ಬೇಸಿಗೆಯೆಲ್ಲ ಸ್ಕೂಟಿಯ ಮೇಲೆ ತೋಟ ತೋಟ ತಿರುಗಿದಳು. ಉಗಾರ, ಶೇಡಬಾಳ, ಐನಾಪುರ, ಆಚೆ ಅಥಣಿಯ ಕಡೆಯ ಹಳ್ಳಿಗಳು. ಎಣ್ಣೆಯ ಬಗ್ಗೆ ಏನೂ ಕೇಳುತ್ತಿರಲಿಲ್ಲ. ಯಾವ ಹೊತ್ತಿನಲ್ಲಿ ನಿಮಗೆ ಹೆದರಿಕೆ ಆಗುತ್ತದೆ, ಹೆದರಿದಾಗ ಯಾರಿಗೆ ಫೋನ್ ಮಾಡುತ್ತೀರಿ, ಇಷ್ಟೇ ಪ್ರಶ್ನೆ. ಸಂಜೆ ಬಂದು ಗೋದಾಮಿನ ಗೋಡೆಗೆ ದೊಡ್ಡ ಹಾಳೆಗಳನ್ನು ಅಂಟಿಸಿ ಬಣ್ಣದ ಪೆನ್ನಿನಿಂದ ಬರೆಯುವಳು, ಮರುದಿನ ಅರ್ಧ ಕಿತ್ತು ಹಾಕುವಳು. ಯೂರಿಯಾ ಚೀಲಗಳ ಹಿಂದೆ ಗೋಡೆಯೇ ಕಾಣದಂತಾಗಿತ್ತು.

ನನಗೆ ತಿಳಿದಷ್ಟು ಹೇಳುತ್ತೇನೆ. ನಮ್ಮಲ್ಲಿ ಇಲಾಖೆಯವರಾಗಲಿ ಕಂಪನಿಯವರಾಗಲಿ ಸಭೆ ಕರೆದರೆ ಊರಿನ ಲೆಕ್ಕದಲ್ಲಿ ಕರೆಯುತ್ತಾರೆ. ಇವಳು ಚಾಟಣಿಯ ಲೆಕ್ಕ ಹಿಡಿದಳು. ಚಾಟಣಿ ಎಂದರೆ ಬಳ್ಳಿ ಸವರುವುದು. ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲೊಮ್ಮೆ, ದಸರೆಯ ಸುಮಾರಿಗೆ ಇನ್ನೊಮ್ಮೆ. ದ್ರಾಕ್ಷಿಯ ತೋಟಕ್ಕೆ ವಯಸ್ಸು ಶುರುವಾಗುವುದು ಕತ್ತರಿ ಬಿದ್ದ ದಿನದಿಂದ. ಅಕ್ಕಪಕ್ಕದ ಎರಡು ತೋಟಗಳಲ್ಲಿ ಒಂದರಲ್ಲಿ ಹೂವಿದ್ದರೆ ಇನ್ನೊಂದರಲ್ಲಿ ಆಗತಾನೇ ಚಿಗುರು. ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಒಂದೇ ಮಾತು ಹೇಳಿದರೆ ಒಬ್ಬನಿಗೆ ತಡವಾಗಿರುತ್ತದೆ, ಇನ್ನೊಬ್ಬನಿಗೆ ಅದು ಬೇಕಾಗುವ ಹೊತ್ತಿಗೆ ಮರೆತಿರುತ್ತದೆ. ಆದ್ದರಿಂದ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಕತ್ತರಿ ಹಾಕುವವರದು ಒಂದು ಗುಂಪು. ಚಾಟಣಿಯಿಂದ ಕಟಾವಿನ ತನಕ ವಾರಕ್ಕೊಮ್ಮೆ ಒಬ್ಬರ ತೋಟದಲ್ಲಿ ಸೇರುವುದು. ಅಲ್ಲಿ ಮೊದಲು ಮಾತಾಡುವವನು ತೋಟದ ಮಾಲೀಕ, ಕಲಿಸುವವರಲ್ಲ. ಎಲೆಯ ಬೆನ್ನು, ಗೊಂಚಲಿನ ತೊಟ್ಟು, ಕೈಯಲ್ಲಿ ಹಿಡಿದ ಮಣ್ಣು, ಇವನ್ನು ನೋಡಿ ಕಂಡದ್ದನ್ನು ಹೇಳುವ ಮೊದಲು ಎಣ್ಣೆಯ ಹೆಸರನ್ನು ಯಾರೂ ಎತ್ತುವ ಹಾಗಿಲ್ಲ. ಜೊತೆಗೆ ಪ್ರತಿಯೊಬ್ಬರೂ ತಮ್ಮ ತೋಟದಲ್ಲಿ ಒಂದು ಸಾಲನ್ನು ಬೇರೆ ಇಡಬೇಕು. ಕಲಿತದ್ದನ್ನು ಆ ಸಾಲಿನಲ್ಲಿ ಮಾಡಿ ನೋಡುವುದು, ಉಳಿದ ತೋಟದ ಜೊತೆ ಹೋಲಿಸುವುದು.

"ಎಣ್ಣಿ ಮಾರಾವ್ನ ಎಣ್ಣಿ ಕಮ್ಮಿ ಹೊಡೀರಿ ಅಂದ್ರ ಮಂದಿ ನಗ್ತಾರು" ಎಂದೆ ನಾನು.

"ತ್ವಾಟ ಉಳದ್ರ ಅಂಗಡಿ ಉಳೀತೈತಿ. ನಗಾವ್ರು ನಗಲಿ ತಗೋ."

ಇನ್ನೊಂದು ಹಟವೂ ಅವಳಿಗಿತ್ತು. ಇದೆಲ್ಲ ಕನ್ನಡದಲ್ಲೇ ನಡೆಯಬೇಕು. ನಮ್ಮ ಭಾಗದಲ್ಲಿ ದ್ರಾಕ್ಷಿಯ ಬುದ್ಧಿ ಹೊಳೆಯಾಚೆಯಿಂದ ಮರಾಠಿಯಲ್ಲೇ ಬರುತ್ತದೆ. ಸಾಂಗಲಿಯ ಕಡೆಯಿಂದ ಸಲಹೆಗಾರರು ಕಾರಿನಲ್ಲಿ ಬರುತ್ತಾರೆ, ಅವರನ್ನು ನಾವು ಡಾಕ್ಟರ್ ಎನ್ನುತ್ತೇವೆ. ಅವರು ಹೇಳುತ್ತಾರೆ, ನಮ್ಮವರು "ಹೋ ಹೋ" ಎಂದು ಹೌದುಗುಟ್ಟುತ್ತಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಎರಡೂ, ಆದರೆ ತೋಟದಲ್ಲಿ ಮರಾಠಿಯಲ್ಲಿ ಹೇಳಿದ್ದಕ್ಕೆ ಒಂದು ತೂಕ ಹೆಚ್ಚು. ನನಗೂ ಹಾಗೇ ಅನಿಸುತ್ತಿತ್ತು, ಸುಳ್ಳೇಕೆ ಹೇಳಲಿ.

"ನನಗೇನ ಮರಾಠಿ ಬರೂದಿಲ್ಲೇನು?" ಎಂದಳು ತಂಗಿ. "ನಾಸಿಕದಾಗ ದಿನಾ ಅದರಾಗ ಮಾತಾಡೀನಿ. ಆದ್ರ ಇಲ್ಲೆ ಮರಾಠಿಯೊಳಗ ಹೇಳಿದ್ರ ನಮ್ಮ ಮಂದಿ ತಲಿ ಅಲ್ಲಾಡಸ್ತಾರು, ತಿರುಗಿ ಕೇಳೂದಿಲ್ಲ. ಕನ್ನಡದಾಗ ಹೇಳು, ಜಗಳಕ್ಕ ಬರ್ತಾರು. ನನಗ ಜಗಳಾ ಬೇಕು."

ದಸರೆಯ ಚಾಟಣಿಗೆ ಮುಂಚೆ ಹೆಸರು ಬರೆಸುವ ದಿನ ಬಂತು. ಅಂಗಡಿಯ ಮುಂದಿನ ತಗಡಿನ ನೆರಳಿನಲ್ಲಿ ಗಿರಾಕಿಗಳು ಕೂಡಿದ್ದರು. ಅವರ ನಡುವೆ ಐನಾಪುರದ ಕಡೆಯ ಒಬ್ಬ ಹಿರಿಯರು. ಎಲ್ಲರೂ ಕಾಕಾ ಎಂದೇ ಕರೆಯುವುದು. ದ್ರಾಕ್ಷಿಯಲ್ಲಿ ಹಳಬರು, ಅವರು ಯಾವ ಎಣ್ಣೆ ಒಯ್ದರೋ ಮರುದಿನ ಆ ಸುತ್ತಿನವರೆಲ್ಲ ಅದನ್ನೇ ಕೇಳಿಕೊಂಡು ಬರುತ್ತಿದ್ದರು. ಅವರೊಬ್ಬರು ಸೇರಿದರೆ ಗುಂಪು ತುಂಬಿದ ಹಾಗೆ.

"ಏನ್ ಸಾವಕಾರ, ಸಾಳಿ ತಗೀತಿ ಅಂತಲ್ಲ. ಮಾಸ್ತರ ಯಾರು, ನೀನೇನು?" ಎಂದರು ಕಾಕಾ.

"ಏಳನೇತ್ತ ಕಲತಾಂವ ನಮಗ ಕಲಸಾಂವಾ!" ಎಂದು ಪಕ್ಕದವರು ತೊಡೆ ತಟ್ಟಿಕೊಂಡು ನಕ್ಕರು.

"ನಾ ಅಲ್ರಿ ಕಾಕಾ."

"ಮತ್ತ ಯಾರಪಾ?"

ತಂಗಿ ನನ್ನ ಹಿಂದೆ ಒಳಗಿನ ಬಾಗಿಲಲ್ಲಿ ನಿಂತಿದ್ದಳು. ತಿರುಗಿ ಕೈ ತೋರಿಸಿದ್ದರೆ ಸಾಕಿತ್ತು. ನಗುತ್ತಿದ್ದ ಆ ಮುಖಗಳನ್ನು ನೋಡಿದೆ. ಇನ್ನೊಮ್ಮೆ ನಗುತ್ತಾರೆ, ಈ ಸಲ ಇನ್ನೂ ಜೋರಾಗಿ, ಎನಿಸಿತು.

"ಸಾಂಗಲಿ ಕಡಿಂದ ಡಾಕ್ಟರ್ ಬರ್ತಾರ್ರಿ" ಎಂದುಬಿಟ್ಟೆ.

"ಹಾಂ! ಹಂಗ ಹೇಳ ಮತ್ತ. ಬರ್ಕೋ ನನ್ನ ಹೆಸರು."

ಅವರ ಹಿಂದೆ ಎಲ್ಲರೂ ಬರೆಸಿದರು. ಹಿಂತಿರುಗಿ ನೋಡಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ.

ನಮ್ಮವ್ವ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವಳು, ಅವಳ ಜೊತೆ ನಾವೂ. ಆ ದಿನ ತಾಟಿನ ಮುಂದೆ ಕುಳಿತಾಗ ತಂಗಿ ರೊಟ್ಟಿ ಮುರಿಯದೆ ಕೇಳಿದಳು.

"ಯಾವ ಡಾಕ್ಟರ್ ಅಣ್ಣಾ?"

"ಮೊದಲನೇ ದಿನಕ್ಕ ಅಷ್ಟ. ಮಂದಿ ಕೂಡಲಿ. ಕೂಡಿದ ಮ್ಯಾಲೆ ಅಲ್ಲೇ ಎದ್ದ ನಿಂತ ಹೇಳ್ತೀನಿ, ಇದು ಆಕೀದು ಅಂತ."

"ನಿನ್ನ ಬಾಯಿಲೆ?"

"ನನ್ನ ಬಾಯಿಲೆ."

ಅವಳು ರೊಟ್ಟಿ ಮುರಿದು, "ಆತು" ಎಂದಳು. ನಂಬಿದಳು. ಅದಕ್ಕಿಂತ ಹೆಚ್ಚಿನದನ್ನು ನಾನು ಇಲ್ಲಿ ಬರೆಯಲಾರೆ.

ಡಾಕ್ಟರನ್ನು ಹುಡುಕುವುದು ಕಷ್ಟವಾಗಲಿಲ್ಲ. ಮೀರಜದಲ್ಲಿ ಒಬ್ಬರಿದ್ದರು. ಮೊದಲು ಎಣ್ಣೆಯ ಕಂಪನಿಯ ಪರವಾಗಿ ಅಂಗಡಿಗಳಿಗೆ ತಿರುಗುತ್ತಿದ್ದವರು, ಈಗ ಕೆಲಸ ಬಿಟ್ಟು ಮನೆಯಲ್ಲಿದ್ದರು. ಮನುಷ್ಯರ ಡಾಕ್ಟರೂ ಅಲ್ಲ, ಗಿಡದ ಡಾಕ್ಟರೂ ಅಲ್ಲ. ಇಸ್ತ್ರಿಯ ಬಿಳಿ ಅಂಗಿ, ತಂಪು ಕನ್ನಡಕ, ಕೇಳುವವರನ್ನು ಕೂರಿಸುವ ಮಾತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕರೆದವನು ನಾನು.

ಐನಾಪುರ ರಸ್ತೆಯ ಒಂದು ಮಣೂಕದ ಶೆಡ್ಡಿನಲ್ಲಿ ತರಬೇತಿ ಶುರುವಾಯಿತು. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಹೊತ್ತು ಮುಗಿದ ಮೇಲೆ ಅಂಥ ಶೆಡ್ಡುಗಳು ಖಾಲಿ ಇರುತ್ತವೆ. ತಂಗಿ ತನ್ನ ಹಾಳೆಗಳನ್ನು ಹಣ್ಣು ಹರವುವ ಬಲೆಗೆ ಕ್ಲಿಪ್ ಹಾಕಿ ತೂಗುಬಿಟ್ಟಿದ್ದಳು. ಡಾಕ್ಟರು ಅವುಗಳ ಮುಂದೆ ನಿಂತು "ನಮಸ್ಕಾರ ಮಂಡಳಿ" ಎಂದು ಶುರು ಮಾಡಿ ಮರಾಠಿಯಲ್ಲಿ ಹೇಳುತ್ತಾ ಹೋದರು. ಮಂದಿ ಹೋ ಹೋ ಎಂದರು. ಒಬ್ಬನೂ ಒಂದು ಪ್ರಶ್ನೆ ಕೇಳಲಿಲ್ಲ. ತಂಗಿ ಹಿಂದೆ ಮೂಲೆಯಲ್ಲಿ ಪೆನ್ನು ಹಂಚುತ್ತಿದ್ದಳು. ಕಾಕಾ ಅವಳಿಗೆ, "ತಂಗೀ, ಚಾದಾಗ ಸಕ್ರಿ ಕಮ್ಮಿ ಹಾಕ ಹೇಳವಾ" ಎಂದರು.

ಡಾಕ್ಟರು ಮುಗಿಸಿ ಕುಳಿತರು. ನಾನು ಎದ್ದು ನಿಂತೆ. ಎಲ್ಲರೂ ನನ್ನ ಕಡೆ ತಿರುಗಿದರು, ತಂಗಿ ಪೆನ್ನಿನ ಡಬ್ಬಿ ಕೆಳಗಿಟ್ಟಳು.

"ಚಾ ಬಂದೈತಿ, ಕುಡೀರಿ" ಎಂದೆ.

ಅಷ್ಟೇ. ಅಷ್ಟು ಹೇಳಿ ಕುಳಿತೆ.

ಅವಳು ಆ ದಿನವೂ ಜಗಳವಾಡಲಿಲ್ಲ. ತರಬೇತಿ ನಡೆಯಲಿ, ತೋಟಗಳು ಕಲಿಯಲಿ ಎಂದು ಬಿಟ್ಟಳು. ವಾರ ವಾರ ಡಾಕ್ಟರು ಮುಂದೆ, ಇವಳು ಹಿಂದೆ. ಡಾಕ್ಟರಿಗೆ ಎಣ್ಣೆಯ ಹೆಸರಿನ ಚೀಟಿ ಬರೆದುಕೊಡುವ ಚಟ. ಗಿರಾಕಿಗೂ ಚೀಟಿಯೇ ಬೇಕು, ಅದನ್ನು ಹಿಡಿದು ನೇರ ನನ್ನ ಅಂಗಡಿಗೆ ಬರುತ್ತಿದ್ದರು. ಆ ವರ್ಷ ವ್ಯಾಪಾರ ಚೆನ್ನಾಗಿ ನಡೆಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ಆದರೂ ಅವಳು ಸ್ಕೂಟಿ ಬಿಡಲಿಲ್ಲ. ಸಭೆ ಮುಗಿದ ಮೇಲೆ ಒಬ್ಬೊಬ್ಬರ ತೋಟಕ್ಕೂ ಹೋಗಿ ಆ ಬೇರೆ ಇಟ್ಟ ಸಾಲನ್ನು ನೋಡಿ ಬರುತ್ತಿದ್ದಳು. ಶೇಡಬಾಳದ ಒಬ್ಬ ಗಂಡ ಹೆಂಡತಿ ಮಾತ್ರ ಡಾಕ್ಟರನ್ನು ಬಿಟ್ಟು ಇವಳನ್ನೇ ಕೇಳತೊಡಗಿದ್ದರು. ಆ ಹೆಂಡತಿಯಂತೂ ಪ್ರತಿಯೊಂದಕ್ಕೂ ವಾದ ಹೂಡುವಳು, ಸಂಜೆ ಮನೆಗೆ ಬಂದ ತಂಗಿಯ ಮುಖ ಅರಳಿರುತ್ತಿತ್ತು.

ಹೂವಿನ ಹೊತ್ತಿಗೆ ಮಳೆ ಬಂತು. ಬರಬಾರದ ಮಳೆ. ಬೆಳಗಿನ ಜಾವ ಜೋರಾಗಿ ಸುರಿದು ನಿಂತಿತು, ಮೋಡ ಹಾಗೇ ಕವಿದಿತ್ತು. ದ್ರಾಕ್ಷಿ ಹೂವಿನಲ್ಲಿದ್ದಾಗ ಗೊಂಚಲಿನಲ್ಲಿ ನೀರು ನಿಂತರೆ ಕೊಳೆಯುತ್ತದೆ, ಇದು ಎಲ್ಲರಿಗೂ ಗೊತ್ತು. ಏನು ಮಾಡಬೇಕು ಎಂಬುದರಲ್ಲಿ ಎಲ್ಲರೂ ಗಾಬರಿ. ತಂಗಿ ತನ್ನ ಹಾಳೆಯಲ್ಲಿ ಇಂಥ ದಿನಕ್ಕೆಂದೇ ಬರೆದಿಟ್ಟಿದ್ದಳು: ಮೊದಲು ಎಣ್ಣೆ ಅಲ್ಲ, ಮೊದಲು ನೀರು ಇಳಿಸಬೇಕು. ತಂತಿ ಹಿಡಿದು ಬಳ್ಳಿ ಅಲ್ಲಾಡಿಸಿ, ಗೊಂಚಲಿನ ಸುತ್ತಲಿನ ಎಲೆ ತೆಗೆದು ಗಾಳಿ ಆಡಲು ಬಿಟ್ಟು, ಆಮೇಲೆ ಔಷಧದ ಪುಡಿ ಉದುರಿಸುವುದು. ಅವಳು ಚಹಾ ಕೂಡ ಕುಡಿಯದೆ ಸ್ಕೂಟಿ ತೆಗೆದಳು. ಮೊದಲು ಶೇಡಬಾಳ, ಅಲ್ಲಿಂದ ಕಾಕಾನ ತೋಟ.

ಸ್ವಲ್ಪ ಹೊತ್ತಿಗೆ ನನಗೆ ಕಾಕಾನ ಫೋನ್.

"ಏ ಸಾವಕಾರ, ನಿನ್ನ ತಂಗಿ ಬಂದ ತಂತಿ ಅಲ್ಲಾಡಸಾಕತ್ತಾಳ. ಆಳ ಹಚ್ಚಿ ಎಲ್ಲಾ ಸಾಲ ಅಲ್ಲಾಡಸ್ರಿ ಅಂತಾಳ. ಹೂ ಉದರಿ ಹೋದ್ರ ಯಾರ ಕೊಡ್ತಾರು? ಡಾಕ್ಟರ್ ಫೋನ್ ಎತ್ತವಲ್ರು. ಏನ್ ಮಾಡ್ಲಿ ಹೇಳು."

ಫೋನಿನಲ್ಲಿ ಹಿಂದಿನಿಂದ ತಂಗಿಯ ದನಿ ಕೇಳಿಸುತ್ತಿತ್ತು. "ಹೊತ್ತ ಹೋಗಾಕತ್ತೈತಿ ಕಾಕಾ, ಹೊತ್ತ ಹೋಗಾಕತ್ತೈತಿ" ಎನ್ನುತ್ತಿದ್ದಳು.

ಆಕಿ ಹೇಳಿದಂಗ ಮಾಡ್ರಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಿದರೆ ಆಕಿ ಯಾರು ಹೇಳಾಕ ಎಂದು ಕೇಳುತ್ತಾರೆ. ಆಗ ಮೊದಲ ದಿನದಿಂದ ಎಲ್ಲವನ್ನೂ ಹೇಳಬೇಕಾಗುತ್ತದೆ.

"ಡಾಕ್ಟರ್ ಫೋನ್ ಎತ್ತೂತನಾ ತಡೀರಿ ಕಾಕಾ" ಎಂದೆ.

ಕಾಕಾ ತಡೆದರು. ಕಾಕಾ ತಡೆದರೆಂದು ಉಳಿದವರೂ ತಡೆದರು. ಡಾಕ್ಟರು ಕೊಲ್ಲಾಪುರದಲ್ಲಿ ಯಾವುದೋ ಲಗ್ನದಲ್ಲಿದ್ದರಂತೆ. ಮಧ್ಯಾಹ್ನ ದಾಟಿದ ಮೇಲೆ ಫೋನಿಗೆ ಸಿಕ್ಕರು. "ಕಾಳಜಿ ಕರೂ ನಕಾ" ಎಂದು ಧೈರ್ಯ ಹೇಳಿ, ಮೂರು ಎಣ್ಣೆ ಒಂದೇ ಟಾಕಿಯಲ್ಲಿ ಕಲಸಿ ಹೊಡೆಯಲು ತಿಳಿಸಿದರು. ಎರೆ ಮಣ್ಣಿನ ರಾಡಿಯಲ್ಲಿ ಟ್ರ್ಯಾಕ್ಟರ್ ಹೂತುಕೊಂಡವು. ಹೊಡೆದ ಎಣ್ಣೆ ಒದ್ದೆ ಎಲೆಯ ಮೇಲಿಂದ ಹರಿದು ನೆಲಕ್ಕೆ ಹೋಯಿತು. ನನ್ನ ಅಂಗಡಿಯಲ್ಲಿ ಆ ಮೂರೂ ಎಣ್ಣೆ ಸಂಜೆಯೊಳಗೆ ಖಾಲಿ.

ಮುಂದಿನ ವಾರ ಗೊಂಚಲುಗಳು ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಉದುರತೊಡಗಿದವು. ಕಾಕಾ ಅಂಗಡಿಗೆ ಬಂದರು. ಗಲ್ಲಾದ ಮುಂದೆ ನಿಂತು, ಇನ್ನೂ ನಾಲ್ಕು ಮಂದಿಗೆ ಕೇಳುವ ಹಾಗೆ ಹೇಳಿದರು:

"ಹೂವಿನ್ಯಾಗ ಇದ್ದ ತ್ವಾಟದಾಗ ಹೆಣಮಗಳು ಹೊಕ್ಕ ಬಳ್ಳಿ ಮುಟ್ಟಿದ್ರ ಮತ್ತೇನ ಆಗತೈತಿ? ಮುಟ್ಟ ಇತ್ತೋ ಏನೋ, ಯಾರಿಗ ಗೊತ್ತು."

ತಂಗಿ ಒಳಗಿನಿಂದ ಬಂದಳು.

"ನಾ ಮುಟ್ಟಿದ್ದು ಯಾವ ಸಾಲು ಕಾಕಾ? ಬಾವಿ ಕಡೀದು, ನೀವು ಬ್ಯಾರೆ ಇಟ್ಟ ಸಾಲು. ನೀವು ಫೋನ್ ಹಚ್ಚೂದ್ರಾಗ ಅದೊಂದ ಮುಗಿಸಿದ್ದೆ. ಹೋಗಿ ನೋಡೂಣು ನಡೀರಿ. ಅಣ್ಣಾ, ನೀನೂ ಬಾ."

ಹೋದೆವು. ತೋಟದೊಳಗೆ ಕಾಲಿಡುತ್ತಲೇ ಕೊಳೆತ ವಾಸನೆ. ಸಾಲಿನಿಂದ ಸಾಲಿಗೆ ಬರೀ ಕಂದು ಬಣ್ಣದ ದಂಟುಗಳು. ಬಾವಿಯ ಕಡೆಯ ಸಾಲಿಗೆ ಬಂದರೆ ಹಸಿರು. ತೊಟ್ಟಿನ ತುಂಬ ಸಣ್ಣ ಕಾಳು ಕಟ್ಟಿದ್ದವು. ಕುರುಡನಿಗೂ ಕಾಣುವಂಥದ್ದು. ಕಾಕಾ ಒಂದು ಗೊಂಚಲನ್ನು ಅಂಗೈಯ ಮೇಲೆ ಎತ್ತಿ ಹಿಡಿದು ಹೊರಳಿಸಿ ನೋಡಿದರು. ಆಮೇಲೆ ಬಿಟ್ಟು ಅಂದರು:

"ಈ ಸಾಲಿಗೆ ಬಾವಿ ಕಡಿ ಗಾಳಿ ಹೆಚ್ಚ ಬಡೀತೈತಿ. ಏನ್ ಸಾವಕಾರ, ಖರೆ ಹೌದಲ್ಲ?"

ತಂಗಿ ನನ್ನ ಕಡೆ ತಿರುಗಿದಳು. ಕಾಕಾ ಕೂಡ. ಇಬ್ಬರಿಗೂ ಉತ್ತರ ಗೊತ್ತಿತ್ತು. ನನಗೂ.

"ಇರಬಹುದ್ರಿ" ಎಂದೆ.

ಅವಳು ಸಾಲಿನ ಕೊನೆಯ ತನಕ ನಡೆದು ಹೋಗಿ ಸ್ಕೂಟಿ ಹತ್ತಿದಳು. ನಾನು ಹಿಂದಿನಿಂದ ಬಂದು ನೋಡುವಷ್ಟರಲ್ಲಿ ಹಾಳೆಗಳೆಲ್ಲ ಹೋಗಿ ಗೋದಾಮಿನ ಗೋಡೆ ಬರಿದಾಗಿತ್ತು. ಮರುದಿನ ಬೆಳಗಿನ ಬಸ್ಸಿಗೆ ಚಿಕ್ಕೋಡಿಗೆ ಹೋದಳು. ಅಲ್ಲಿ ನಮ್ಮ ಮಾವಶಿಯ, ಅಂದರೆ ಅವ್ವನ ತಂಗಿಯ, ಮನೆ. ಹತ್ತಿರದಲ್ಲೇ ಸಸಿ ಬೆಳೆಸುವ ಒಂದು ನರ್ಸರಿಯಲ್ಲಿ ಕೆಲಸಕ್ಕೆ ಸೇರಿದಳು ಎಂದು ಅವ್ವನಿಂದ ತಿಳಿಯಿತು. ನನ್ನ ಫೋನ್ ಎತ್ತಲಿಲ್ಲ. ಎತ್ತಿದ್ದರೂ ಆಗ ನಾನು ಹವಾಮಾನದ ಮಾತನ್ನೇ ಆಡುತ್ತಿದ್ದೆನೋ ಏನೋ.

ಬೇಸಿಗೆಯ ಚಾಟಣಿ ಹತ್ತಿರ ಬಂದಾಗ ಡಾಕ್ಟರು ಅಂಗಡಿಗೆ ಬಂದರು. ಹೊಸ ವಿಚಾರ ತಂದಿದ್ದರು. ಇದೇ ತರಬೇತಿಯನ್ನು ಅಥಣಿಯಲ್ಲೂ ರಾಯಬಾಗದಲ್ಲೂ ಶುರು ಮಾಡುವುದು. ಹಾಳೆಗಳ ಫೋಟೋ ಅವರು ಮೊದಲ ದಿನವೇ ತೆಗೆದಿಟ್ಟುಕೊಂಡಿದ್ದರು. ಅಚ್ಚು ಹಾಕಿಸುತ್ತಾರಂತೆ, ಮೇಲೆ ಅವರ ಹೆಸರು, ಕೆಳಗೆ ನನ್ನ ಅಂಗಡಿಯ ಹೆಸರು. ಅವರು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳುತ್ತಾ ಹೋದಂತೆ ನನಗೆ ಒಂದೇ ಒಂದು ವಿಷಯ ಕಾಣಿಸತೊಡಗಿತು. ಇದರಲ್ಲಿ ಅವರ ತಪ್ಪೇನೂ ಇಲ್ಲ. ತರಬೇತಿ ಅವರದೇ ಎಂದು ಅವರಿಗೆ ಹೇಳಿದವನು ನಾನು. ಊರಿಗೆಲ್ಲ ಹೇಳಿದವನೂ ನಾನು. ಇನ್ನೊಂದು ವರ್ಷ ಸುಮ್ಮನಿದ್ದರೆ ತಂಗಿ ಎಲ್ಲಿಯಾದರೂ ಹೋಗಿ ಅದನ್ನೇ ಕಲಿಸಿದಾಗ, ಡಾಕ್ಟರದನ್ನು ಕದ್ದಳು ಎನ್ನುತ್ತಾರೆ.

"ಅದು ನಿಮ್ಮದಲ್ರಿ" ಎಂದೆ.

"ಮಗ ಕೋಣಾಚಾ?" ಎಂದು ನಕ್ಕರು. ಹಾಗಾದರೆ ಯಾರದು ಎಂದು.

"ನನ್ನ ತಂಗೀದು."

ಜೀವನದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಹೊರಬಿತ್ತು. ಆಕಾಶವೇನೂ ಕಳಚಿ ಬೀಳಲಿಲ್ಲ. ಡಾಕ್ಟರು ಕನ್ನಡಕ ಹಾಕಿಕೊಂಡು, ನಿನಗೆ ವ್ಯಾಪಾರ ಗೊತ್ತಿಲ್ಲ ಎಂದು ಹೇಳಿ ಹೋದರು. ಗೊತ್ತಿಲ್ಲದಿದ್ದರೆ ಇಲ್ಲ.

ಆ ವಾರವೇ ಚಿಕ್ಕೋಡಿಗೆ ಹೋದೆ. ನರ್ಸರಿಯಲ್ಲಿ ತಂಗಿ ಸಸಿಗಳ ಟ್ರೇಗಳಿಗೆ ನೀರು ಹನಿಸುತ್ತಿದ್ದಳು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. ದಾರಿಯುದ್ದಕ್ಕೂ ಕಲಿತುಕೊಂಡು ಬಂದ ಮಾತನ್ನು ಶುರು ಮಾಡಿದೆ.

"ನಂದ ತಪ್ಪಾಗೈತಿ..."

"ತಡಿ" ಎಂದಳು. "ನನ್ನ ಮುಂದ ಯಾಕ ಹೇಳ್ತಿ? ನನಗ ಗೊತ್ತಿದ್ದದ್ದ ಅದು. ಗೊತ್ತಿಲ್ದಾವ್ರ ಮುಂದ ಹೇಳು."

"ಹೇಳ್ತೀನಿ."

"ಹೋದ ಸರ್ತೀನೂ ಹೇಳ್ತೀನಿ ಅಂದಿದ್ದಿ. ಚಾ ಕುಡೀರಿ ಅಂದಿ."

ಮಾವಶಿಯ ಮನೆಯಲ್ಲಿ ನೀರು ಕುಡಿದು ಬಂದ ದಾರಿಯಲ್ಲೇ ತಿರುಗಿ ಬಂದೆ. ಬಂದವನೇ ಶೇಡಬಾಳದ ಆ ಗಂಡ ಹೆಂಡತಿಯ ತೋಟಕ್ಕೆ ಹೋದೆ. ಮಳೆಯ ದಿನ ಅವರು ನನಗೂ ಫೋನ್ ಮಾಡಿರಲಿಲ್ಲ, ಡಾಕ್ಟರಿಗೂ ಮಾಡಿರಲಿಲ್ಲ. ತಂಗಿ ಹೇಳಿದಂತೆ ಮನೆಮಂದಿಯೆಲ್ಲ ಸೇರಿ ತೋಟವನ್ನೇ ಅಲ್ಲಾಡಿಸಿದ್ದರು, ಹಣ್ಣು ತೆಗೆದಿದ್ದರು. ಬೇಸಿಗೆಯ ಚಾಟಣಿಯ ದಿನ ನಿಮ್ಮ ತೋಟಕ್ಕೆ ಎಲ್ಲರನ್ನೂ ಕರೆಯುತ್ತೇನೆ, ತರಬೇತಿ ಹೊಸದಾಗಿ ಶುರುವಾಗಬೇಕು ಎಂದೆ.

"ಯಾರ ಕಲಸ್ತಾರು?" ಎಂದಳು ಆ ಹೆಣ್ಣುಮಗಳು, ಸೊಂಟದ ಮೇಲೆ ಕೈಯಿಟ್ಟು.

"ನನ್ನ ತಂಗಿ."

"ಈಗ ಬಂತೇನ್ರಿ ಬಾಯಾಗ?"

ಅನ್ನಲಿ. ಅವಳಿಗೆ ಅನ್ನುವ ಹಕ್ಕಿತ್ತು. ಮಾವಶಿಗೆ ಫೋನ್ ಮಾಡಿ ಆ ದಿನವನ್ನು ತಂಗಿಗೆ ಹೇಳಿ ಕಳಿಸಿದೆ. ಬಾ ಎನ್ನಲಿಲ್ಲ. ಇಂಥಲ್ಲಿ ಹೇಳುವವನಿದ್ದೇನೆ ಎಂದಷ್ಟೇ.

ಹೊರಡುವ ದಿನ ಅವ್ವ ಅಡ್ಡ ಬಂದಳು. "ಹಿರೇ ಮಗಾ ಆಗಿ ಮಂದಿ ಮುಂದ ತಪ್ಪ ಒಪ್ಪಿಕೊಂಡ್ರ ನಾಳಿ ಅಂಗಡಿ ಮೆಟ್ಟಲ ಯಾರ ಹತ್ತತಾರು?"

"ಹತ್ತದಿದ್ರ ಬ್ಯಾಡವ್ವಾ. ಆಕೀನೂ ನಿನ್ನ ಮಗಳ ಅಲ್ಲ?" ಎಂದು ಗಾಡಿ ತೆಗೆದೆ.

ತೋಟದಲ್ಲಿ ಕತ್ತರಿ ಹಿಡಿದ ಮಂದಿ ಕೂಡಿದ್ದರು. ಕರೆದವರಲ್ಲಿ ಅರ್ಧ ಬಂದಿರಲಿಲ್ಲ. ಡಾಕ್ಟರಿಲ್ಲದ ತರಬೇತಿಗೆ ಏನು ಹೋಗುವುದು ಎಂದಿದ್ದರಂತೆ. ಕಾಕಾ ಬಂದಿದ್ದರು, ಬಾಯಲ್ಲಿ ಎಲೆಯಡಿಕೆ. ತಂಗಿ ಚಿಕ್ಕೋಡಿಯ ಬಸ್ಸಿಳಿದು ಬಂದು ಬದುವಿನ ಮೇಲೆ ನಿಂತಿದ್ದಳು, ಒಳಗೆ ಬಂದಿರಲಿಲ್ಲ. ಬ್ಯಾಗು ಹೆಗಲ ಮೇಲೇ ಇತ್ತು. ತಿರುಗಿ ಹೋಗಲು ಸಿದ್ಧರಾಗಿ ಬಂದವರು ನಿಲ್ಲುವ ಹಾಗೆ.

ನಾನು ಎಲ್ಲರಿಗೂ ಕಾಣುವ ಹಾಗೆ ಒಂದು ಕಲ್ಲುಕಂಬದ ಪಕ್ಕ ನಿಂತೆ.

"ಒಂದ ಮಾತ ಹೇಳೂದೈತಿ" ಎಂದೆ.

"ಚಾಟಣಿಗೆ ಬಂದೀವಿ ಸಾವಕಾರ, ಭಾಷಣಕ್ಕಲ್ಲ" ಎಂದರು ಕಾಕಾ. ಇಬ್ಬರು ನಕ್ಕರು.

"ನಗ್ರಿ ಕಾಕಾ. ನೀವು ನಗ್ತೀರಿ ಅಂತ ಹೆದರಿ ನಾ ಹೋದ ವರ್ಷ ಸುಳ್ಳ ಹೇಳೀನಿ. ಇವತ್ತ ನಕ್ರೂ ಹೇಳಾಂವ. ಈ ತರಬೇತಿ ಡಾಕ್ಟರದಲ್ಲ. ಆ ಡಾಕ್ಟರ್ ಡಾಕ್ಟರೂ ಅಲ್ಲ, ಎಣ್ಣಿ ಮಾರ್ತಿದ್ದಾಂವ, ನಾ ಬಾಡಿಗಿ ಕೊಟ್ಟ ಕರಕೊಂಡ ಬಂದಾಂವ. ಒಂದೊಂದ ಹಾಳಿ, ಒಂದೊಂದ ಮಾತು ಕಟ್ಟಿದಾಕಿ ಅಲ್ಲಿ ಬದುವಿನ ಮ್ಯಾಲೆ ನಿಂತಾಳ ನೋಡ್ರಿ, ನನ್ನ ತಂಗಿ. ಮಳಿ ದಿನಾ ಆಕಿ ಹೇಳಿದ್ದು ಖರೆ ಇತ್ತು. ತಡೀರಿ ಅಂದಾಂವ ನಾನು. ನಿಮ್ಮ ತ್ವಾಟ ಕೊಳತದ್ದು ನನ್ನ ಮಾತಿಗೆ, ಆಕಿ ಕೈ ಮುಟ್ಟಿದ್ದಕ್ಕಲ್ಲ. ಕಾಕಾ, ಆ ಸಾಲು ಗಾಳಿಗೆ ಉಳದಿದ್ದಲ್ಲ. ನಿಮಗೂ ಗೊತ್ತೈತಿ. ಇರಬಹುದ್ರಿ ಅಂತ ನಾ ಅಂದದ್ದು ಸುಳ್ಳು."

ಯಾರೂ ನಗಲಿಲ್ಲ. ಒಬ್ಬ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೈಕಿನ ಕಡೆ ಹೊರಟ, ಅವನ ಹಿಂದೆ ಇನ್ನೊಬ್ಬ. ನಾನು ಕರೆಯಲಿಲ್ಲ. ಕಾಕಾ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ನೆಲ ನೋಡುತ್ತಾ ನಿಂತಿದ್ದರು. ನಾನು ಬದುವಿನ ಕಡೆ ತಿರುಗಿದೆ. ಅಷ್ಟು ದೂರಕ್ಕೆ ಕೇಳಬೇಕೆಂದು ಜೋರಾಗಿಯೇ ಹೇಳಿದೆ:

"ತಂಗೀ, ತಪ್ಪಾತು. ನಿನ್ನ ದುಡಿತ ಇನ್ನೊಬ್ಬನ ಹೆಸರಿಗೆ ಹಚ್ಚಿದೆ. ನಿನ್ನ ಮಾನಾ ಹೋಗುಮುಂದ ಬಾಯಿ ಮುಚಗೊಂಡ ನಿಂತೆ. ಅಣ್ಣ ಅನಸ್ಕೊಳ್ಳಾಕ ನಾ ಏನೂ ಮಾಡಲಿಲ್ಲ. ಇಷ್ಟ ಮಂದಿ ಮುಂದ ಕೇಳಾಕತ್ತೀನಿ, ನನ್ನ ಕ್ಷಮಾ ಮಾಡು."